ಜೋಳದ ರೊಟ್ಟಿ ತಿಂದ ತೋಳ

ಮಾನ್ವಿಯ ನಮ್ಮ ಮನೆಯಲ್ಲಿ ಕೊನೆಯ ರೊಟ್ಟಿ ನಾಯಿಯದು. ಅವ್ವ ಜೋಳದ ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ನೆನೆಸಿ, ಬೆಳಿಗ್ಗೆ ಒಂದಿಷ್ಟು, ರಾತ್ರಿ ಒಂದಿಷ್ಟು ಹಾಕೋಳು. ಬೆಂಗಳೂರಿಗೆ ಬಂದು ಮುಧೋಳ ನಾಯಿ ಸಾಕಿದ ನಾನು 'ರಾ ಡಯಟ್' ಹಿಡಿದೆ. ದಿನಕ್ಕೊಂದೇ ಸಲ, ಬೋಗುಣಿ ತುಂಬ ಹಸಿ ಮಾಂಸ. ಸುದ್ದಿ ಕೇಳಿ ದೇವದುರ್ಗದ ಕಾಕಾ ನಕ್ಕರು: "ಅದೇನ್ ತೋಳೇನಪಾ?"

ನಾಯಿಯ ಬಟ್ಟಲಿನ ಜಗಳ ಹಳೆಯದು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ ತಾನೆ, 'ದೇವಾನಾಂಪ್ರಿಯ' ಎಂದರೆ ಅಶೋಕ ಎಂಬುದು ಖಚಿತವಾದದ್ದು? ಅದೇ ಅಶೋಕ ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಐದನೇ ಸ್ತಂಭಶಾಸನದಲ್ಲಿ, ಒಂದು ಜೀವವನ್ನು ಇನ್ನೊಂದು ಜೀವಕ್ಕೆ ಆಹಾರವಾಗಿ ಹಾಕಬಾರದು ಎಂದು ಆಜ್ಞೆ ಮಾಡಿದ. ಊರ ನಾಯಿಗಳು ಅದನ್ನು ಎಷ್ಟು ಪಾಲಿಸಿದವೋ!

ಅಂಗಡಿಯ ನಾಯಿ ಆಹಾರ ಬಂದದ್ದು ತೀರಾ ಈಚೆಗೆ. 1860ರ ದಶಕದಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ ನಾಯಿ ಬಿಸ್ಕತ್ತು ಮಾರತೊಡಗಿದ. ಅದಕ್ಕೆ ಎದುರಾಗಿ 1993ರಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಹಸಿ ಮೂಳೆ, ಮಾಂಸಕ್ಕೆ ಮರಳಿ ಎಂದು ಪುಸ್ತಕ ಬರೆದರು. ವಾದ ಸರಳ: ನಾಯಿ ಎಂದರೆ ತೋಳ.

ಆದರೆ ಪೂರ್ತಿ ತೋಳವಲ್ಲ. 2013ರಲ್ಲಿ ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು, ಪಿಷ್ಟ ಅರಗಿಸುವ ಜೀನ್ ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಪ್ರತಿಗಳಲ್ಲಿದೆ ಎಂದು ತೋರಿಸಿದರು. ಬೇಸಾಯಗಾರರ ಅಂಗಳದಲ್ಲಿ ಉಂಡುಂಡೇ ಅದರ ಹೊಟ್ಟೆ ಬದಲಾಯಿತು. ಅವ್ವನ ರೊಟ್ಟಿಗೂ ಇತಿಹಾಸದ ಬೆಂಬಲವಿದೆ ಅಂದಂಗಾಯ್ತು.

ನನಗೆ ಬುದ್ಧಿ ಬಂದದ್ದು ದೀಪಾವಳಿಗೆ ಊರಿಗೆ ಹೋದಾಗ. ಬೋಗುಣಿ ಖಾಲಿ ಮಾಡಿದ ನಾಯಿ ಓಣಿ ತುಂಬ ಓಡಿ ಬಂತು. ಸ್ವಲ್ಪ ಹೊತ್ತಿಗೆ ಹೊಟ್ಟೆ ಡೊಳ್ಳಿನಂತೆ ಬಿಗಿಯಿತು. ಓಕರಿಸುತ್ತಿದೆ, ಏನೂ ಹೊರಗೆ ಬರ್ತಿಲ್ಲ. ರಾತ್ರೋರಾತ್ರಿ ರಾಯಚೂರಿಗೆ ಕಾರು ಓಡಿಸಿದೆ. ವೈದ್ಯರು ನಳಿಕೆ ಇಳಿಸಿ ಗಾಳಿ ತೆಗೆದರು. ಹೊಟ್ಟೆ ತಿರುಚಿರಲಿಲ್ಲ, ಹಾಗಾಗಿ ಉಳಿಯಿತು. ತಿರುಚಿದರೆ ರಕ್ತಸಂಚಾರ ನಿಂತು ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಆಗ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಮುಧೋಳದಂಥ ಆಳವಾದ ಎದೆಯ ನಾಯಿಗಳಿಗೆ ಈ ಅಪಾಯ ಹೆಚ್ಚು. ಹಸಿ ಮಾಂಸ ಹಾಕಿದರೆ ಹೊಟ್ಟೆಯುಬ್ಬರ ಬರುವುದಿಲ್ಲ ಎಂದು ನಾನು ನಂಬಿದ್ದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಗ್ಲಿಕ್‌ಮನ್ ತಂಡ ದೊಡ್ಡ ತಳಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಅಪಾಯಗಳೇ ಬೇರೆ: ಗಬಗಬ ತಿನ್ನುವುದು, ಎತ್ತರದ ಸ್ಟ್ಯಾಂಡಿನ ಮೇಲೆ ಬಟ್ಟಲಿಡುವುದು, ಹೆತ್ತ ನಾಯಿಗೋ ಒಡಹುಟ್ಟಿದ್ದಕ್ಕೋ ಹಿಂದೆ ಹೀಗಾಗಿರುವುದು, ವಯಸ್ಸು. ಒಂದೇ ಸಲ ಹೊಟ್ಟೆ ತುಂಬ ತಿನ್ನಿಸುವುದೂ ಒಳ್ಳೆಯದಲ್ಲ. ಏನು ಹಾಕಬೇಕು ಎಂದು ತಿಂಗಳುಗಟ್ಟಲೆ ಓದಿದ್ದ ನಾನು, ಹ್ಯಾಗೆ ಹಾಕಬೇಕು ಅಂತ ಯೋಚಿಸಿರಲೇ ಇಲ್ಲ.

ಈಗ ನಮ್ಮನೇಲಿ ದಿನಕ್ಕೆ ಮೂರು ಸಲ, ಸ್ವಲ್ಪ ಸ್ವಲ್ಪ. ಬಟ್ಟಲು ನೆಲದ ಮೇಲೆ. ಮಾಂಸ ಬೇಯಿಸಿದ್ದು, ಜೊತೆಗೆ ನೆನೆಸಿದ ರೊಟ್ಟಿ. ಉಂಡ ಮೇಲೆ ಓಟ ಬಂದ್. ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಇದನ್ನ ಕಲಿಯಾಕ ರಾಯಚೂರಿಗೆ ಓಡಬೇಕಾಯ್ತೇನು?" ಅಂದಳು.