ಪುನ್ನಾಟದ ವೈಡೂರ್ಯ

ರತ್ನಗಳನ್ನೂ ಒಡವೆಗಳನ್ನೂ ಇರಿಸಿರುವ ವಸ್ತುಸಂಗ್ರಹಾಲಯಕ್ಕೆ ಹೋದವರು ಮೊದಲು ನಿಲ್ಲುವುದು ವಜ್ರದ ಮುಂದೆ, ಇಲ್ಲವೆ ಮಾಣಿಕ್ಯದ ಮುಂದೆ. ಅವುಗಳ ಪಕ್ಕದಲ್ಲಿ ಕೆಲವೊಮ್ಮೆ ಸಮುದ್ರದ ನೀರಿನ ಬಣ್ಣದ, ಆರು ಪಟ್ಟಿಯ ಒಂದು ಕಲ್ಲು ಕಾಣಿಸುತ್ತದೆ. ಚೀಟಿಯಲ್ಲಿ ‘ಬೆರಿಲ್’ ಎಂದು ಬರೆದಿರುತ್ತದೆ. ನೋಡಿದವರು ‘ಚೆನ್ನಾಗಿದೆ’ ಎಂದು ಮುಂದಕ್ಕೆ ಸರಿಯುತ್ತಾರೆ. ಆದರೆ ಮೈಸೂರು ಸೀಮೆಯವರು ಅಲ್ಲಿ ಒಂದು ಗಳಿಗೆ ಹೆಚ್ಚಾಗಿ ನಿಲ್ಲಬೇಕು. ಹೆಗ್ಗಡದೇವನಕೋಟೆಯ ನಾಡು ಹೊರಜಗತ್ತಿನ ಗ್ರಂಥದೊಳಕ್ಕೆ ಕಾಲಿಟ್ಟದ್ದು ಆ ಕಲ್ಲಿನ ನೆಪದಿಂದಲೇ.

ಕ್ರಿ.ಶ. ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯದಲ್ಲಿದ್ದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ದಕ್ಷಿಣ ಭಾರತದ ಒಳನಾಡಿನ ಊರುಗಳನ್ನು ಪಟ್ಟಿಮಾಡಿದ್ದಾನೆ. ಹೆಚ್ಚಿನ ಊರುಗಳಿಗೆ ಬರಿಯ ಹೆಸರು ಮಾತ್ರ. ‘ಪೌನ್ನಾಟ’ ಎಂಬ ಹೆಸರಿಗೆ ಮಾತ್ರ ಅಲ್ಲಿ ಬೆರಿಲ್ ದೊರೆಯುತ್ತದೆ ಎಂಬ ಮಾತನ್ನು ಸೇರಿಸಿದ್ದಾನೆ. ಇದು ನಮ್ಮ ಶಾಸನಗಳ ಪುನ್ನಾಟವೇ ಎಂದು ಬಿ. ಎಲ್. ರೈಸರು ಗುರುತಿಸಿದರು, ವಿದ್ವಾಂಸರಲ್ಲಿ ಹಲವರು ಅದನ್ನು ಒಪ್ಪಿದ್ದಾರೆ. ಕಪಿಲಾ ನದಿಯ ದಡದ ಕಿತ್ತೂರು, ಅಂದಿನ ಕೀರ್ತಿಪುರ, ಅದರ ರಾಜಧಾನಿ.

ಕಲ್ಲಿನ ಹೆಸರಿನದೂ ಸ್ವಾರಸ್ಯದ ಕಥೆ. ಇಂದು ನಮ್ಮ ಚಿನಿವಾರರು ವೈಡೂರ್ಯವೆನ್ನುವುದು ಬೆಕ್ಕಿನ ಕಣ್ಣಿನಂತೆ ಹೊಳೆಯುವ ಬೇರೊಂದು ಕಲ್ಲನ್ನು. ಹಿಂದೆ ಆ ಹೆಸರು ಬೆರಿಲಿಗೂ ಸಲ್ಲುತ್ತಿತ್ತು. ಪ್ರಾಕೃತದ ‘ವೇಲುರಿಯ’ ಗ್ರೀಕರ ಬಾಯಲ್ಲಿ ‘ಬೆರಿಲ್ಲೋಸ್’ ಆಯಿತು. ಅದು ಯೂರೋಪಿನಲ್ಲೆಲ್ಲ ಸಂಚರಿಸಿ, ಕನ್ನಡಕಕ್ಕೆ ಜರ್ಮನರು ಹೇಳುವ ‘ಬ್ರಿಲ್ಲೆ’ ಎಂಬ ಮಾತಿಗೂ ಮೂಲವಾಯಿತು. ಕಲ್ಲಿನ ಜೊತೆಗೆ ಮಾತನ್ನೂ ನಾವೇ ರಫ್ತು ಮಾಡಿದಂತಾಯಿತು.

ಟಾಲೆಮಿಗಿಂತ ಮೊದಲೇ, ಕ್ರಿ.ಶ. 77ರ ಸುಮಾರಿಗೆ, ರೋಮಿನ ಪ್ಲಿನಿ ಈ ಕಲ್ಲಿನ ವಿಷಯವನ್ನು ಬರೆದಿದ್ದಾನೆ. ಬೆರಿಲುಗಳು ಬರುವುದು ಭಾರತದಿಂದ, ಬೇರೆಡೆ ಅಪರೂಪ. ತಿಳಿಗಡಲಿನ ಹಸುರನ್ನು ಹೋಲುವಂಥವು ಶ್ರೇಷ್ಠ. ಭಾರತೀಯರಿಗೆ ಉದ್ದನೆಯ ಕಲ್ಲುಗಳೆಂದರೆ ಇಷ್ಟ. ಅವನ್ನು ತೂತು ಕೊರೆದು ಆನೆಯ ಕೂದಲಿನಲ್ಲಿ ಪೋಣಿಸುತ್ತಾರೆ ಎಂದು ಅವನು ಹೇಳುತ್ತಾನೆ. ಕಾಕನಕೋಟೆಯ ಖೆಡ್ಡಾಗಳ ಸುದ್ದಿ ಕೇಳಿ ಬೆಳೆದವರಿಗೆ ಆನೆಯ ಕೂದಲು ದೂರದ ವಸ್ತುವೇನೂ ಅಲ್ಲ. ಸ್ಫಟಿಕಕ್ಕೆ ಬಣ್ಣ ಕಟ್ಟಿ ನಕಲಿ ಬೆರಿಲ್ ಮಾಡುವುದನ್ನೂ ಭಾರತೀಯರು ಕಂಡುಕೊಂಡಿದ್ದಾರೆ ಎಂದು ಪ್ಲಿನಿ ದೂರುತ್ತಾನೆ. ಬೆಲೆಯಿಲ್ಲದ ವಸ್ತುವಿಗೆ ನಕಲಿಯನ್ನು ಯಾರು ತಾನೆ ಮಾಡುತ್ತಾರೆ?

ಕಲ್ಲು ಪುನ್ನಾಟದ ನೆಲದಲ್ಲೇ ಅಗೆದದ್ದೋ, ಅಲ್ಲಿಯ ಪೇಟೆಯ ಮೂಲಕ ಹಾದುಹೋದದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಬೆರಿಲಿನ ಹೆಸರಾಂತ ಹಳೆಯ ಗಣಿ ಇದ್ದದ್ದು ಕೊಂಗುನಾಡಿನ ಪಡಿಯೂರಿನಲ್ಲಿ. ಅದೇ ಸೀಮೆಯ ಕೊಡುಮಣಲಿನಲ್ಲಿ ಮಣಿ ಕೊರೆಯುತ್ತಿದ್ದ ಕುಶಲಿಗರ ನೆಲೆಯನ್ನು ಅಗೆದು ತೆಗೆದಿದ್ದಾರೆ. ಪುನ್ನಾಟದ ನೆಲವೇನೂ ಬರಡಲ್ಲ. ಹಿಂದೆ ಹೆಗ್ಗಡದೇವನಕೋಟೆಗೆ ಸೇರಿದ್ದ ಸರಗೂರಿನ ಹೆಸರನ್ನೇ ಭೂವಿಜ್ಞಾನಿಗಳು ಮುನ್ನೂರು ಕೋಟಿ ವರ್ಷಗಳಿಗೂ ಹಳೆಯದಾದ ಒಂದು ಶಿಲಾಸಮೂಹಕ್ಕೆ ಇಟ್ಟಿದ್ದಾರೆ. ಅದರಲ್ಲಿ ಮಾಣಿಕ್ಯದ ಜಾತಿಯ ಕುರುವಿಂದದ ಕಲ್ಲಿದೆ.

ಪುನ್ನಾಟ ಬರಿಯ ಪೇಟೆಯಲ್ಲ, ರಾಜ್ಯ. ಅದರ ದೊರೆ ಸ್ಕಂದವರ್ಮನ ಮಗಳು ಗಂಗರ ಅವಿನೀತನನ್ನು ವರಿಸಿದಳು. ತಂದೆ ಬೇರೊಬ್ಬನಿಗೆ ಕೊಡಬೇಕೆಂದಿದ್ದರೂ ಅವಳು ತಾನೇ ಇವನನ್ನು ಆರಿಸಿಕೊಂಡಳೆಂದು ಶಾಸನ ಹೇಳುತ್ತದೆ. ಅವಳ ಮಗನೇ ದುರ್ವಿನೀತ, ‘ಕವಿರಾಜಮಾರ್ಗ’ ಗದ್ಯ ಬರೆದವರ ಸಾಲಿನಲ್ಲಿ ಹೆಸರಿಸುವ ದುರ್ವಿನೀತ. ಪುನ್ನಾಟ ಗಂಗರ ರಾಜ್ಯದಲ್ಲಿ ಸೇರಿಹೋಯಿತು. ಹೆಸರು ಮಾತ್ರ ದೂರ ಹೋಯಿತು: ಕ್ರಿ.ಶ. 783ರಲ್ಲಿ ಗುಜರಾತಿನಲ್ಲಿ ‘ಹರಿವಂಶಪುರಾಣ’ವನ್ನು ಮುಗಿಸಿದ ಜಿನಸೇನ ಮುನಿ ತನ್ನನ್ನು ಪುನ್ನಾಟ ಸಂಘದವನೆಂದು ಹೇಳಿಕೊಂಡಿದ್ದಾನೆ.

ರಾಜಧಾನಿಯ ಗತಿಯೇನಾಯಿತು? 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ನಿಂತ ನೀರು ಕಿತ್ತೂರನ್ನು ಮುಚ್ಚಿತು. ಆ ನೀರಿನಿಂದ ಹೊಲಗದ್ದೆಗಳಿಗೂ ಊರುಗಳಿಗೂ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಊರನ್ನು ಬಿಟ್ಟು ಎದ್ದುಹೋದ ಒಕ್ಕಲುಗಳ ನಷ್ಟದ ಜೊತೆಗೆ ಚರಿತ್ರೆಯ ನಷ್ಟವೂ ಇದೆ. ಇಂದು ಅಲ್ಲಿ ಆನೆ ನೋಡಲು ದೋಣಿಯಲ್ಲಿ ಹೋಗುವವರಿಗೆ ತಮ್ಮ ಕೆಳಗೆ ಟಾಲೆಮಿಯ ಕಾಲದ ನಾಡೊಂದರ ರಾಜಧಾನಿ ಇದೆಯೆಂದು ಹೇಳುವವರು ಯಾರು?

ರತ್ನಗಳ ಪೆಟ್ಟಿಗೆಯ ಮುಂದಿನ ಚೀಟಿ ಕಲ್ಲಿನ ಬಣ್ಣವನ್ನು ಹೇಳುತ್ತದೆ, ತೂಕವನ್ನು ಹೇಳುತ್ತದೆ. ಅದರ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ನಾಡನ್ನು ಹೇಳುವುದಿಲ್ಲ. ನಮ್ಮ ಸಂಗ್ರಹಾಲಯಗಳು ಬೆರಿಲಿನ ಚೀಟಿಯಲ್ಲಿ ‘ಪುನ್ನಾಟ’ ಎಂಬ ಒಂದು ಮಾತನ್ನು ಸೇರಿಸಿದರೆ ಸಾಕು. ಮೈಸೂರಿನಿಂದ ಬಂದ ಹುಡುಗನೊಬ್ಬ ಅದನ್ನು ಓದಿ, ‘ಇದು ನಮ್ಮ ಕೋಟೆ ತಾಲ್ಲೂಕಲ್ಲವೇ?’ ಎಂದು ಕೇಳಿಯಾನು. ಮುಳುಗಿದ ಊರನ್ನು ಮೇಲಕ್ಕೆ ತರಲಾಗದು; ಅದರ ಹೆಸರನ್ನಾದರೂ ತರಬಹುದು.