ಎಕ್ಸ್‌ಕವೇಟರ್‌ಗಳಲ್ಲಿ ವಿದ್ಯುನ್ಮಾನ ಸಂವಹನ ದೋಷಗಳ ಪತ್ತೆ

ಎಕ್ಸ್‌ಕವೇಟರ್‌ಗಳಲ್ಲಿ ವಿದ್ಯುನ್ಮಾನ ಸಂವಹನ ದೋಷ ಎಂದರೆ ಯಂತ್ರದೊಳಗಿನ ವಿದ್ಯುನ್ಮಾನ ನಿಯಂತ್ರಕಗಳ ನಡುವೆ ನಡೆಯುವ ಮಾಹಿತಿ ವಿನಿಮಯವು ನಿಂತುಹೋಗುವುದು ಅಥವಾ ಕೆಡುವುದು. ಎಂಜಿನ್, ಹೈಡ್ರಾಲಿಕ್ ಪಂಪ್ ಮತ್ತು ಚಾಲಕನ ಕ್ಯಾಬಿನ್ನಿನ ಮಾನಿಟರ್ ಮೂರೂ ಸುಸ್ಥಿತಿಯಲ್ಲಿದ್ದರೂ ಅವುಗಳ ನಡುವಣ ಸಂಪರ್ಕ ಕಡಿದರೆ ಯಂತ್ರವು ಚಾಲೂ ಆಗದಿರಬಹುದು, ಇಲ್ಲವೆ ಶಕ್ತಿಗುಂದಿ ನಿಧಾನವಾಗಿ ಕೆಲಸ ಮಾಡಬಹುದು. ಇಂತಹ ದೋಷದ ಪತ್ತೆಯಲ್ಲಿ ಮುಖ್ಯ ತೊಡಕೊಂದಿದೆ. ಮಾನಿಟರಿನಲ್ಲಿ ಮೂಡುವ ದೋಷಸಂಕೇತವು ಒಂದು ನಿಯಂತ್ರಕವು ಇನ್ನೊಂದರ ಮೇಲೆ ಹೇಳುವ ದೂರು ಮಾತ್ರ. ಕೆಟ್ಟಿರುವ ಭಾಗ ಅದೇ ಎಂಬ ತೀರ್ಪಲ್ಲ. ಇದನ್ನು ಗಮನಿಸದೆ ದುಬಾರಿ ನಿಯಂತ್ರಕವನ್ನು ಬದಲಿಸಿದ ಮೇಲೂ ದೋಷವು ಹಾಗೆಯೇ ಉಳಿಯುವುದುಂಟು.

ಕರ್ನಾಟಕದಲ್ಲಿ ಎಕ್ಸ್‌ಕವೇಟರನ್ನು ಜನರು ‘ಹಿಟಾಚಿ’ ಎಂದೂ ಟ್ರ್ಯಾಕ್ಟರಿನಂತೆ ಚಕ್ರಗಳುಳ್ಳ, ಹಿಂಬದಿಯಲ್ಲಿ ಅಗೆಯುವ ತೋಳಿರುವ ಯಂತ್ರವನ್ನು ‘ಜೆಸಿಬಿ’ ಎಂದೂ ಕರೆಯುವುದು ರೂಢಿ. ಎರಡೂ ತಯಾರಕ ಸಂಸ್ಥೆಗಳ ಹೆಸರುಗಳೇ. ಧಾರವಾಡದ ಟಾಟಾ ಹಿಟಾಚಿ ಹಾಗೂ ಕೋಲಾರ ಚಿನ್ನದ ಗಣಿ ಪ್ರದೇಶದ ಬಿಇಎಂಎಲ್ ಕಾರ್ಖಾನೆಗಳಲ್ಲಿ ಎಕ್ಸ್‌ಕವೇಟರ್‌ಗಳು ತಯಾರಾಗುತ್ತವೆ.

ಕ್ಯಾನ್ ಬಸ್

ಇಂದಿನ ಬಹುತೇಕ ಎಕ್ಸ್‌ಕವೇಟರ್‌ಗಳಲ್ಲಿ ನಿಯಂತ್ರಕಗಳು ‘ಕಂಟ್ರೋಲರ್ ಏರಿಯಾ ನೆಟ್‌ವರ್ಕ್’ ಅಥವಾ ಸಂಕ್ಷೇಪವಾಗಿ ‘ಕ್ಯಾನ್’ ಎಂಬ ವ್ಯವಸ್ಥೆಯ ಮೂಲಕ ಸಂಪರ್ಕದಲ್ಲಿರುತ್ತವೆ. ಜರ್ಮನಿಯ ಬಾಷ್ ಸಂಸ್ಥೆ ಮೋಟಾರು ವಾಹನಗಳಿಗಾಗಿ ರೂಪಿಸಿದ ಈ ವ್ಯವಸ್ಥೆಯು 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಪ್ರಕಟವಾಯಿತು. 1993ರಲ್ಲಿ ಐಎಸ್‌ಒ 11898 ಎಂಬ ಅಂತಾರಾಷ್ಟ್ರೀಯ ಮಾನಕವಾಯಿತು. ಇದರ ಆಧಾರದ ಮೇಲೆ ಭಾರಿ ವಾಹನಗಳಿಗಾಗಿ ರಚಿತವಾದ ಎಸ್‌ಎಇ ಜೆ1939 ನಿಯಮಾವಳಿಯು ಎಕ್ಸ್‌ಕವೇಟರ್‌ಗಳಲ್ಲಿಯೂ ವ್ಯಾಪಕವಾಗಿ ಬಳಕೆಯಲ್ಲಿದೆ. ‘ಬಸ್’ ಎಂಬುದು ‘ಎಲ್ಲರಿಗಾಗಿ’ ಎಂಬರ್ಥದ ಲ್ಯಾಟಿನ್ ಪದ ‘ಓಮ್ನಿಬಸ್’ನಿಂದ ಬಂದದ್ದು. ರಸ್ತೆಯ ಬಸ್ಸಿಗೂ ಇದಕ್ಕೂ ಮೂಲ ಒಂದೇ.

ಒಂದರ ಸುತ್ತ ಒಂದು ಹೆಣೆದ ಎರಡು ತಂತಿಗಳಲ್ಲಿ ಒಂದು ‘ಕ್ಯಾನ್ ಹೈ’, ಮತ್ತೊಂದು ‘ಕ್ಯಾನ್ ಲೋ’. ಸಂದೇಶವಿಲ್ಲದಾಗ ಎರಡರಲ್ಲಿಯೂ ಸುಮಾರು 2.5 ವೋಲ್ಟ್ ಇರುತ್ತದೆ. ಸಂದೇಶ ಹರಿಯುವಾಗ ಹೈ ತಂತಿಯು ಸುಮಾರು 3.5ಕ್ಕೆ ಏರಿ, ಲೋ ತಂತಿಯು ಸುಮಾರು 1.5ಕ್ಕೆ ಇಳಿಯುತ್ತದೆ. ಸಂದೇಶವನ್ನು ಓದುವುದು ಈ ಎರಡರ ವ್ಯತ್ಯಾಸದಿಂದ. ಹೊರಗಿನ ವಿದ್ಯುತ್ ಗದ್ದಲವು ಎರಡೂ ತಂತಿಗಳನ್ನು ಸಮನಾಗಿ ತಟ್ಟುವುದರಿಂದ ವ್ಯತ್ಯಾಸವು ಕೆಡುವುದಿಲ್ಲ. ಸಂಕೇತವು ತಂತಿಯ ತುದಿಗೆ ಬಡಿದು ಹಿಂದಿರುಗದಂತೆ ಮುಖ್ಯ ತಂತಿಯ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೋಧಕವನ್ನು ಜೋಡಿಸಿರುತ್ತಾರೆ.

ದೋಷಸಂಕೇತಗಳನ್ನು ಓದುವ ಬಗೆ

ಜೆ1939 ಪದ್ಧತಿಯ ದೋಷಸಂಕೇತದಲ್ಲಿ ಎರಡು ಮುಖ್ಯ ಅಂಗಗಳಿವೆ: ಯಾವ ವಿಷಯ ಎಂಬುದನ್ನು ಹೇಳುವ ಎಸ್‌ಪಿಎನ್, ಅದು ಹೇಗೆ ಕೆಟ್ಟಿದೆ ಎಂಬುದನ್ನು ಹೇಳುವ ಎಫ್‌ಎಂಐ. ಎಫ್‌ಎಂಐ 9 ಎಂದರೆ ನಿರೀಕ್ಷಿತ ಸಂದೇಶವು ಸಕಾಲಕ್ಕೆ ಬರಲಿಲ್ಲ. ಎಫ್‌ಎಂಐ 19 ಎಂದರೆ ಸಂದೇಶವೇನೋ ಬಂದಿದೆ, ಆದರೆ ಅದರೊಳಗಿನ ಮಾಹಿತಿ ದೋಷಪೂರ್ಣವಾಗಿದೆ. ಎರಡನ್ನೂ ಒಂದೇ ಎಂದು ಭಾವಿಸುವವರು ಬಹಳ. ಎರಡನೆಯ ಸಂದರ್ಭದಲ್ಲಿ ತಂತಿಯ ಮೂಲಕ ಮಾತು ತಲುಪುತ್ತಿದೆ. ಹುಡುಕಬೇಕಾದದ್ದು ಕಳುಹಿಸಿದ ನಿಯಂತ್ರಕದ ಬಳಿಯಿರುವ ಸಂವೇದಕವನ್ನು.

ಯಾರು ಯಾರ ಮೇಲೆ ದೂರುತ್ತಿದ್ದಾರೆ ಎಂಬುದನ್ನು ಪಟ್ಟಿ ಮಾಡಿದರೆ ಹುಡುಕಾಟದ ಕ್ಷೇತ್ರ ಕಿರಿದಾಗುತ್ತದೆ. ಎಂಜಿನ್, ಪಂಪ್ ಮತ್ತು ಮಾನಿಟರ್ ಎಂಬ ಮೂರು ನಿಯಂತ್ರಕಗಳಿರುವ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎಂಜಿನ್ ನಿಯಂತ್ರಕದಿಂದ ಉತ್ತರವಿಲ್ಲವೆಂದು ಉಳಿದೆರಡೂ ಹೇಳಿದರೆ ಅದರ ಫ್ಯೂಸು, ಅರ್ತಿಂಗ್ ಮತ್ತು ಅದಕ್ಕೆ ಹೋಗುವ ಕವಲು ತಂತಿಯನ್ನು ಮೊದಲು ನೋಡಬೇಕು. ವಿದ್ಯುತ್ ಪೂರೈಕೆಯಿಲ್ಲದ ನಿಯಂತ್ರಕವೂ ಸತ್ತ ನಿಯಂತ್ರಕದಂತೆಯೇ ಮೌನವಾಗಿರುತ್ತದೆ. ಮಾನಿಟರ್ ಒಂದೇ ದೂರುತ್ತಿದ್ದು ಎಂಜಿನ್ ಮತ್ತು ಪಂಪ್‌ಗಳು ಪರಸ್ಪರ ಸಂಪರ್ಕದಲ್ಲಿದ್ದರೆ ದೋಷವು ಮಾನಿಟರಿನ ಕವಲಿನಲ್ಲಿರುವ ಸಾಧ್ಯತೆ ಹೆಚ್ಚು. ಮೂರೂ ಒಂದನ್ನೊಂದು ದೂರಿದರೆ ಮುಖ್ಯ ತಂತಿಯನ್ನೇ ಶಂಕಿಸಬೇಕು. ಬ್ಯಾಟರಿ ಬಲಹೀನವಾಗಿದ್ದಾಗ, ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಹುಸಿ ಸಂಕೇತಗಳು ದಾಖಲಾಗುವುದೂ ಉಂಟು.

ಅಳತೆಗಳು

ಮೊದಲ ಅಳತೆಯನ್ನು ಕೀ ತೆಗೆದು, ಬ್ಯಾಟರಿಯ ಸಂಪರ್ಕ ಕಡಿದ ಮೇಲೆಯೇ ಮಾಡಬೇಕು. ಹೈ ಮತ್ತು ಲೋ ತಂತಿಗಳ ನಡುವೆ ಮಲ್ಟಿಮೀಟರ್ ಸುಮಾರು 60 ಓಮ್ ತೋರಿಸಬೇಕು. ಸಮಾಂತರವಾಗಿರುವ ಎರಡು 120 ಓಮ್ ರೋಧಕಗಳ ಫಲ ಅಷ್ಟೇ. 120 ತೋರಿಸಿದರೆ ಒಂದು ರೋಧಕ ಕಾಣೆಯಾಗಿದೆ ಅಥವಾ ತಂತಿ ನಡುವೆ ತುಂಡಾಗಿದೆ. 40ರ ಆಸುಪಾಸಿನಲ್ಲಿದ್ದರೆ ಮೂರನೆಯ ರೋಧಕವೊಂದು ಸೇರಿಕೊಂಡಿದೆ. ಸೊನ್ನೆಗೆ ಸಮೀಪವಿದ್ದರೆ ಎರಡು ತಂತಿಗಳು ಎಲ್ಲಿಯೋ ಒಂದಕ್ಕೊಂದು ತಾಗಿವೆ. ಒಂಬತ್ತು ಪಿನ್‌ಗಳ ಜೆ1939 ತಪಾಸಣಾ ಕನೆಕ್ಟರ್ ಇರುವ ಯಂತ್ರಗಳಲ್ಲಿ ಈ ಅಳತೆಗೆ ಸಿ ಮತ್ತು ಡಿ ಪಿನ್‌ಗಳು ಸಾಕು. ಕೆಲವು ತಯಾರಕರು ರೋಧಕವನ್ನು ನಿಯಂತ್ರಕದ ಒಳಗೇ ಇರಿಸುವುದರಿಂದ ಆ ನಿಯಂತ್ರಕವನ್ನು ಕಳಚಿದಾಗ 120 ಬರುವುದು ಸಹಜ. ಯಂತ್ರದ ವಿದ್ಯುತ್ ನಕ್ಷೆಯನ್ನು ನೋಡದೆ ಅದನ್ನು ದೋಷವೆಂದು ತೀರ್ಮಾನಿಸಬಾರದು.

ಬಳಿಕ ಬ್ಯಾಟರಿ ಜೋಡಿಸಿ ಕೀ ಹಾಕಿ ಪ್ರತಿ ತಂತಿಯ ವೋಲ್ಟೇಜನ್ನು ಅರ್ತಿಂಗಿನೊಡನೆ ಹೋಲಿಸಿ ಅಳೆಯುತ್ತಾರೆ. ಮಲ್ಟಿಮೀಟರ್ ಸರಾಸರಿಯನ್ನಷ್ಟೇ ತೋರಿಸುವುದರಿಂದ ಹೈ ತಂತಿಯಲ್ಲಿ 2.5ಕ್ಕಿಂತ ತುಸು ಹೆಚ್ಚು, ಲೋ ತಂತಿಯಲ್ಲಿ ತುಸು ಕಡಿಮೆ ಕಂಡುಬರುತ್ತದೆ. ಹೈ ತಂತಿಯಲ್ಲಿ ಸೊನ್ನೆ ಇದ್ದರೆ ಅದು ಯಂತ್ರದ ಲೋಹದೇಹಕ್ಕೆ ತಾಗಿರಬಹುದು. ಬ್ಯಾಟರಿಯಷ್ಟೇ ವೋಲ್ಟೇಜ್ ಕಂಡರೆ ವಿದ್ಯುತ್ ಪೂರೈಕೆಯ ತಂತಿಯೊಂದಕ್ಕೆ ತಾಗಿದೆ. ಆಗಾಗ ಬಂದು ಮಾಯವಾಗುವ ದೋಷಕ್ಕೆ ಮಲ್ಟಿಮೀಟರ್ ಸಾಲದು. ಆಸಿಲೋಸ್ಕೋಪಿನಲ್ಲಿ ಎರಡು ತಂತಿಗಳ ಅಲೆಗಳು ಕನ್ನಡಿಯ ಪ್ರತಿಬಿಂಬಗಳಂತೆ ಕಾಣಬೇಕು.

ಒಂದು ನಿಯಂತ್ರಕವೇ ಇಡೀ ಜಾಲವನ್ನು ಕೆಡಿಸುತ್ತಿದೆ ಎಂಬ ಸಂಶಯವಿದ್ದರೆ ಅವುಗಳನ್ನು ಒಂದೊಂದಾಗಿ ಕಳಚಿ ನೋಡುತ್ತಾರೆ. ಯಾವುದನ್ನು ಕಳಚಿದಾಗ ಉಳಿದವು ಮತ್ತೆ ಮಾತನಾಡತೊಡಗುತ್ತವೆಯೋ ಆ ನಿಯಂತ್ರಕ ಅಥವಾ ಅದರ ಕವಲು ದೋಷದ ನೆಲೆ. ಪ್ರತಿ ಬಾರಿಯೂ ಕೀ ತೆಗೆದ ಮೇಲೆಯೇ ಕಳಚಬೇಕು.

ಸಾಮಾನ್ಯ ಕಾರಣಗಳು

ಕೆಟ್ಟ ನಿಯಂತ್ರಕಗಳಿಗಿಂತ ಕೆಟ್ಟ ತಂತಿ ಮತ್ತು ಕನೆಕ್ಟರ್‌ಗಳೇ ಹೆಚ್ಚು. ಕಂಪನದಿಂದ ತಂತಿಯು ಲೋಹದ ಅಂಚಿಗೆ ಉಜ್ಜಿ ಹೊದಿಕೆ ಸವೆಯುತ್ತದೆ. ಒತ್ತಡದ ನೀರಿನಿಂದ ಯಂತ್ರ ತೊಳೆದಾಗ ಕನೆಕ್ಟರಿನೊಳಗೆ ತೇವ ಸೇರಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಬಹಳ ದಿನ ನಿಂತ ಯಂತ್ರದಲ್ಲಿ ಇಲಿಗಳೂ ತಂತಿ ಕಡಿಯುತ್ತವೆ. ಪರೀಕ್ಷಕನು ದಪ್ಪ ಮೊನೆಯನ್ನು ಪಿನ್ನಿನೊಳಗೆ ತುರುಕಿ ಸಂಪರ್ಕವನ್ನು ಸಡಿಲಗೊಳಿಸುವುದು, ತಂತಿಯ ಹೊದಿಕೆಯನ್ನು ಚುಚ್ಚಿ ಅಳೆಯುವುದು ಹೊಸ ದೋಷಗಳಿಗೆ ಎಡೆಮಾಡುತ್ತವೆ. ಕ್ಯಾನ್ ತಂತಿಗೆ ಅಡ್ಡಾದಿಡ್ಡಿಯಾಗಿ ಜೋಡಿಸಿದ ಜಿಪಿಎಸ್ ಉಪಕರಣಗಳನ್ನೂ ಕಳಚಿ ಪರೀಕ್ಷಿಸಬೇಕಾಗುತ್ತದೆ.

ಬಕೆಟ್ ಅಥವಾ ತೋಳಿಗೆ ವೆಲ್ಡಿಂಗ್ ಮಾಡುವಾಗ ಅದರ ವಿದ್ಯುತ್ ಪ್ರವಾಹವು ನಿಯಂತ್ರಕಗಳ ಮೂಲಕ ಹಾದರೆ ಅವು ಸುಟ್ಟುಹೋಗಬಹುದು. ಆದ್ದರಿಂದ ಬ್ಯಾಟರಿಯನ್ನೂ ತಯಾರಕರು ಸೂಚಿಸಿದ ನಿಯಂತ್ರಕಗಳನ್ನೂ ಮೊದಲೇ ಕಳಚಿ, ವೆಲ್ಡಿಂಗಿನ ಅರ್ತ್ ಹಿಡಿಕೆಯನ್ನು ಬೆಸುಗೆಯ ಜಾಗಕ್ಕೆ ಆದಷ್ಟು ಸಮೀಪದಲ್ಲಿ ಕಚ್ಚಿಸುತ್ತಾರೆ.

ದುರಸ್ತಿಯ ನಂತರ

ದೋಷಸಂಕೇತಗಳನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಬೇಕು. ಅಳಿಸಿದ ಮೇಲೆ ಅವು ಬಂದ ಕ್ರಮವನ್ನು ತಿಳಿಯಲು ಬೇರೆ ದಾರಿಯಿರುವುದಿಲ್ಲ. ಅನಂತರ ಯಂತ್ರವನ್ನು ಎಂಜಿನ್ ಕಾವೇರುವವರೆಗೂ ಅಗೆಯುವ ಕೆಲಸದಲ್ಲಿ ತೊಡಗಿಸಿ, ಶಂಕಿತ ತಂತಿಯ ಕಟ್ಟನ್ನು ತಿರುಗುವ ಭಾಗಗಳಿಂದ ದೂರವಿರುವ ಜಾಗದಲ್ಲಿ ಮೆಲ್ಲನೆ ಅಲುಗಿಸಿ, ಸಂಕೇತ ಮರಳುತ್ತದೆಯೇ ಎಂದು ನೋಡುತ್ತಾರೆ.