ಕಿನ್ನಾಳದ ಹಳೆಯ ಕಾಗದಗಳು

ಕರಕುಶಲದ ಹಳೆಯ ಪ್ರಕಟಣೆಗಳನ್ನು ಕೂಡಿಡುವವರು ಸಾಮಾನ್ಯವಾಗಿ ಅಚ್ಚಾದದ್ದನ್ನಷ್ಟೇ ಹುಡುಕುತ್ತಾರೆ. ಜಾರ್ಜ್ ಬರ್ಡ್‌ವುಡ್ 1880ರಲ್ಲಿ ಬರೆದ ‘ದಿ ಇಂಡಸ್ಟ್ರಿಯಲ್ ಆರ್ಟ್ಸ್ ಆಫ್ ಇಂಡಿಯಾ’, 1884ರಲ್ಲಿ ಶುರುವಾದ ‘ಜರ್ನಲ್ ಆಫ್ ಇಂಡಿಯನ್ ಆರ್ಟ್’, 1946ರಿಂದ ಬಂದ ‘ಮಾರ್ಗ್’ ಸಂಚಿಕೆಗಳು ಎಲ್ಲವೂ ಬೇಕಾದವೇ. ಆದರೆ ಕೊಪ್ಪಳದ ಪಕ್ಕದ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಯ ಕಸುಬಿಗೆ ಆಕರ ಹುಡುಕುವಾಗ ಮೊದಲು ತೆರೆಯಬೇಕಾದದ್ದು ಅವರ ಮನೆಯ ಪೆಟ್ಟಿಗೆಯನ್ನೇ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನೂ ಅಲ್ಲಿನ ಮರದ ತೇರಿನ ಕುಸುರಿಯನ್ನೂ ತಮ್ಮ ಹಿರಿಯರೇ ಮಾಡಿದ್ದೆಂಬುದು ಈ ಮನೆತನಗಳ ನಂಬಿಕೆ. ಒಬ್ಬ ಕುಶಲಕರ್ಮಿಯ ಪೂರ್ವಿಕರ ಮನೆಯಲ್ಲಿ ಸಿಕ್ಕ, ಚಿತ್ರದ ಗೆರೆಗಳನ್ನು ತೆಗೆದಿಟ್ಟ ಹಳೆಯ ನಕಲು ಕಾಗದಗಳು ಅದಕ್ಕೆ ಬಲ ಕೊಡುತ್ತವೆ. ಯಾವ ಕೈ, ಯಾವ ಕಾಲ ಎಂಬುದನ್ನು ಅವು ಸಾಬೀತು ಮಾಡಲಾರವು, ನಿಜ. ಆದರೂ ರೇಖೆಯನ್ನು ಕಾಗದದಲ್ಲಿ ಕಾಪಿಡುವ ರೂಢಿ ಈ ಕಸುಬಿನ ಒಳಗೇ ಇತ್ತೆಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಅಚ್ಚಿನ ಬಣ್ಣದ ಪುಟ ತೋರಿಸುವುದು ಮುಗಿದ ಮೈಯನ್ನು. ಕಿನ್ನಾಳದ ಗೊಂಬೆಯ ಜೀವ ಇರುವುದು ಆ ಮೈಯ ಕೆಳಗೆ. ಹಗುರ ಮರದ ತುಂಡುಗಳನ್ನು ಬೆಸೆದ ಮೇಲೆ ಮೈಗೆಲ್ಲ ಹಚ್ಚುವುದು ಕಿಟ್ಟ: ಸೆಣಬಿನ ಚಿಂದಿಯನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ್ದು. ಅದೇ ಅಂಟಿನಲ್ಲಿ ಅರಿವೆಯ ತುಂಡು ಹಚ್ಚಿ, ಕಲ್ಲಿನ ಪುಡಿಯನ್ನು ಗೋಂದಿನಲ್ಲಿ ಕಲಸಿ ಆಭರಣಗಳನ್ನು ಉಬ್ಬಿಸುತ್ತಾರೆ. ಬಣ್ಣ ಏರುವುದು ಆಮೇಲೆ. ಹೊಳಪಿಗೆ ಬಳಸುವ ಲಾಜವಾರದಲ್ಲಿ ಬಂಗಾರವಿಲ್ಲ, ತವರವಿದೆ. ಇದನ್ನೆಲ್ಲ ಕೈಯೇ ಕಲಿಸುತ್ತದೆ, ಕಾಗದ ಯಾಕೆ ಎಂದು ಕೇಳುವವರಿದ್ದಾರೆ. ಹದವನ್ನು ಕೈ ಕಲಿಸುತ್ತದೆ, ಒಪ್ಪಬೇಕಾದ ಮಾತು. ಆದರೆ ಕೈ ನೆನಪಿಡುವುದು ಗಿರಾಕಿ ಕೇಳಿದ್ದನ್ನು. ಒಂದು ತಲೆಮಾರು ಯಾರೂ ಕೇಳದ ಮೂರ್ತಿಯ ಅಳತೆ, ಕಿರೀಟದ ಬಳ್ಳಿ, ವಾಹನದ ನಿಲುವು ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಅದನ್ನು ಮರಳಿಸಬಲ್ಲದ್ದು ಕಾಗದವೊಂದೇ. ಹಳೆಯ ಮಾದರಿ ಕೈಗೆ ಕೊಟ್ಟರೆ ಕಲಾವಿದ ಬರೀ ನಕಲುಗಾರನಾಗುತ್ತಾನೆ ಎಂಬ ಇನ್ನೊಂದು ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ನಕಲು ಕಾಗದ ಹಿಡಿದಿಡುವುದು ಗೆರೆಯನ್ನಷ್ಟೇ. ಎಷ್ಟು ಉಬ್ಬಿಸಬೇಕು, ಎಲ್ಲಿ ಹೊಳಪು ಬೇಕು ಎಂಬುದು ಮಾಡುವವರ ವಿವೇಚನೆಗೇ ಉಳಿಯುತ್ತದೆ.

ಇನ್ನೊಂದು ಆತಂಕಕ್ಕೆ ಹೆಚ್ಚು ತೂಕವಿದೆ. ಮನೆತನದ ಕಾಗದ ಊರಿನವರ ಕೈಗೆಲ್ಲ ಸಿಕ್ಕರೆ ಅಗ್ಗದ ನಕಲುಗಳು ಹುಟ್ಟುತ್ತವೆ. ಈ ಗೊಂಬೆಗಳಿಗಿರುವ ಭೌಗೋಳಿಕ ಸೂಚ್ಯಂಕ (ಜಿಐ) ಕಾಯುವುದು ಕಿನ್ನಾಳದ ಹೆಸರನ್ನು, ಪ್ರತಿಯೊಂದು ಗೆರೆಯನ್ನಲ್ಲ. ಆದ್ದರಿಂದ ಮೂಲ ಆ ಮನೆಯಲ್ಲೇ ಉಳಿದು, ಪ್ರತಿ ತೆಗೆಯಲು ಅವರ ಒಪ್ಪಿಗೆ ಬೇಕೆನ್ನುವ ಏರ್ಪಾಡೇ ಸರಿ. ಅಚ್ಚಾದ ಪುಸ್ತಕಗಳನ್ನು ಆಮೇಲೆ ಆ ಕಾಗದಗಳ ಪಕ್ಕಕ್ಕಿಟ್ಟು ಓದಬೇಕು. ಹುಡುಕುವವರಿಗೆ ಇಲ್ಲೊಂದು ತೊಡಕಿದೆ: ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿತ್ತು, ಕೊಪ್ಪಳವಂತೂ ಅಲ್ಲಿನ ಸಾಲಾರ್ ಜಂಗ್ ಮನೆತನದ ಜಹಗೀರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳವು ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೊಂದಿಗೆ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಹಳೆಯ ಗ್ರಂಥಗಳ ವಿಷಯಸೂಚಿಯಲ್ಲಿ ಕರ್ನಾಟಕವನ್ನೋ ಮೈಸೂರನ್ನೋ ನೋಡಿ ಪುಸ್ತಕ ಮುಚ್ಚಬಾರದು. ಹೈದರಾಬಾದ್, ರಾಯಚೂರುಗಳ ಪುಟಗಳನ್ನೂ ತಿರುವಬೇಕು.